ಹೊಗೆಯಲ್ಲಿ ಹೋಗುವ ನಮ್ಮ ಲಾಭ

ಈ ತಿಂಗಳ ಪಾಠ: ಸಂಘದ ಉದ್ಯೋಗದಲ್ಲಿ ಇಂಧನ ಉಳಿತಾಯ



ಉಳಿತಾಯ ಅಂದಕೂಡಲೇ ನಮಗೆ ನೆನಪಾಗುವುದು ವಾರದ ಸಭೆ, ಪಾಸ್‌ಬುಕ್ಕು, ಬ್ಯಾಂಕಿನ ಖಾತೆ. ಈ ತಿಂಗಳು ಇನ್ನೊಂದು ಉಳಿತಾಯವನ್ನು ಕಲಿಯೋಣ. ಅದು ಕರೆಂಟ್, ಗ್ಯಾಸ್ ಮತ್ತು ಕಟ್ಟಿಗೆಯ ಉಳಿತಾಯ. ಇದರಿಂದ ನಮ್ಮ ಉದ್ಯೋಗಕ್ಕೆ ಏನು ಲಾಭ, ಊರಿಗೆ ಏನು ಲಾಭ ಎಂದು ಲೆಕ್ಕ ಹಾಕಿಯೇ ನೋಡೋಣ.

ಪಾಠವನ್ನು ನನ್ನದೇ ಒಂದು ತಪ್ಪಿನಿಂದ ಶುರು ಮಾಡುತ್ತೇನೆ.

ಗಿರಣಿ ದುಡಿದದ್ದು ಗಿರಣಿಗೇ ಸಾಲಲಿಲ್ಲ

ಕೆಲವು ವರ್ಷಗಳ ಹಿಂದಿನ ಮಾತು. ಸವದತ್ತಿ ತಾಲೂಕಿನ ಒಂದು ಹಳ್ಳಿಯಲ್ಲಿ ಸಂಘದ ಹೆಣ್ಣುಮಕ್ಕಳು ಜೋಳದ ರೊಟ್ಟಿ, ಶೇಂಗಾ ಚಟ್ನಿ ಮಾಡಿ ಖಾನಾವಳಿಗಳಿಗೆ ಕೊಡುತ್ತಿದ್ದರು. ಯಲ್ಲಮ್ಮನ ಗುಡ್ಡದ ಜಾತ್ರೆಯ ಹೊತ್ತಿಗೆ ವ್ಯಾಪಾರ ಜೋರಾಗಿರುತ್ತಿತ್ತು. "ಸಿಸ್ಟರ್, ಜ್ವಾಳ ಬೀಸಾಕ ಬ್ಯಾರೆಯವರ ಗಿರಣಿಗೆ ರೊಕ್ಕ ಕೊಡೂದ್ಯಾಕ? ನಾವ ಒಂದು ಗಿರಣಿ ಹಾಕೂಣು" ಎಂದರು. 5 ಎಚ್.ಪಿ.ಯ ಹಳೆಯ ಗಿರಣಿಯೊಂದು ಕಡಿಮೆ ಬೆಲೆಗೆ ಸಿಗುತ್ತಿತ್ತು. ಅಗ್ಗಕ್ಕೆ ಸಿಕ್ಕಿತು ಎಂದು ನನಗೂ ಸಂತೋಷ. ಯಂತ್ರದ ಬೆಲೆ ಕೇಳಿದೆ, ಸಾಲದ ಬಡ್ಡಿ ಕೇಳಿದೆ, ಕಂತು ಎಷ್ಟು ಎಂದು ಬರೆದೆ. ಆದರೆ ಅದು ತಾಸಿಗೆ ಎಷ್ಟು ಕರೆಂಟ್ ತಿನ್ನುತ್ತದೆ ಎಂದು ಕೇಳಲೇ ಇಲ್ಲ. ಸಾಲದ ಅರ್ಜಿಗೆ ಶಿಫಾರಸು ಬರೆದುಕೊಟ್ಟೆ.

ಮೂರು ತಿಂಗಳಾದ ಮೇಲೆ ಸಭೆಗೆ ಹೋದಾಗ ಯಾರ ಮುಖದಲ್ಲೂ ನಗು ಇರಲಿಲ್ಲ. "ಗಿರಣಿ ದುಡದದ್ದು ಗಿರಣಿಗೇ ಸಾಲವಲ್ದು ಸಿಸ್ಟರ್" ಎಂದರು ಅಧ್ಯಕ್ಷಿಣಿ. ಕರೆಂಟ್ ಬಿಲ್ಲು ಕಟ್ಟಿದರೆ ಕಂತಿಗೆ ಹಣವಿಲ್ಲ, ಕಂತು ಕಟ್ಟಿದರೆ ಬಿಲ್ಲು ಬಾಕಿ. ಒಬ್ಬ ಸದಸ್ಯೆ ತನ್ನ ಆಡು ಮಾರಿ ಸಂಘದ ಕಂತು ತುಂಬಿದ್ದಳು. ಆ ಆಡಿನ ಹಾಲನ್ನು ಅವಳ ಮೊಮ್ಮಗು ಕುಡಿಯುತ್ತಿತ್ತು. ಅಂದು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಆಮೇಲೆ ಗೊತ್ತಿದ್ದ ಮೆಕ್ಯಾನಿಕ್ ಒಬ್ಬರನ್ನು ಕರೆದುಕೊಂಡು ಹೋಗಿ ಎಲ್ಲರೂ ಕುಳಿತು ನೋಡಿದೆವು. ನಾಲ್ಕು ಕಾರಣ ಸಿಕ್ಕವು.

1. ಮೋಟಾರ್ ಎರಡು ಸಲ ಸುಟ್ಟು ವೈಂಡಿಂಗ್ ಆಗಿತ್ತು. ಸರಿಯಾಗಿ ವೈಂಡಿಂಗ್ ಆಗದ ಮೋಟಾರ್ ಬೇಗ ಬಿಸಿಯಾಗುತ್ತದೆ, ಮಾಡುವ ಕೆಲಸಕ್ಕಿಂತ ಹೆಚ್ಚು ಕರೆಂಟ್ ಎಳೆಯುತ್ತದೆ.

2. ಬೆಲ್ಟ್ ಸಡಿಲಾಗಿ ಜಾರುತ್ತಿತ್ತು. ಮೋಟಾರ್ ತಿರುಗಿದಷ್ಟು ಕಲ್ಲು ತಿರುಗುತ್ತಿರಲಿಲ್ಲ.

3. ಯಾರಾದರೂ ಎರಡು ಕಿಲೋ ಜೋಳ ತಂದರೂ ಗಿರಣಿ ಚಾಲೂ ಆಗುತ್ತಿತ್ತು. ಮುಂದಿನವರು ಬರುವ ತನಕ ಖಾಲಿ ತಿರುಗುತ್ತಿತ್ತು.

4. ಬಿಲ್ಲಿನಲ್ಲಿ ಯೂನಿಟ್ಟಿನ ಹಣದ ಜೊತೆ ನಿಗದಿತ ಶುಲ್ಕವೂ ಇತ್ತು. ಇದು ಮಂಜೂರಾದ ಎಚ್.ಪಿ. ಲೆಕ್ಕದ ಮೇಲೆ ಬರುತ್ತದೆ. ಗಿರಣಿ ನಡೆಯಲಿ, ಬಿಡಲಿ, ಕಟ್ಟಲೇಬೇಕು. ಅವರ ಕೆಲಸಕ್ಕೆ ಅಷ್ಟು ದೊಡ್ಡ ಮೋಟಾರ್ ಬೇಕಾಗಿಯೇ ಇರಲಿಲ್ಲ.

ಬೆಲ್ಟ್ ಬದಲಿಸಿದರು, ಬೇರಿಂಗಿಗೆ ಗ್ರೀಸ್ ಹಾಕಿಸಿದರು. ವಾರಕ್ಕೆ ಮೂರು ದಿನ, ಮುಂಜಾನೆ ಮಾತ್ರ ಗಿರಣಿ ಎಂದು ಊರಲ್ಲಿ ಹೇಳಿಸಿದರು. ಬಿಲ್ಲು ಇಳಿಯಿತು. ತಡವಾಗಿಯಾದರೂ ಸಾಲ ತೀರಿತು. ಆದರೆ ಮಾರಿದ ಆಡು ತಿರುಗಿ ಬರಲಿಲ್ಲ. ಅದಕ್ಕಾಗಿಯೇ ಈ ಪಾಠ.

ಕರೆಂಟ್ ಕೂಡ ಕಚ್ಚಾ ಮಾಲು

ರೊಟ್ಟಿ ಮಾಡುವವಳು ಜೋಳ ಅಳೆಯುತ್ತಾಳೆ. ಹೊಲಿಯುವವಳು ಬಟ್ಟೆ ಅಳೆಯುತ್ತಾಳೆ, ತುಂಡನ್ನೂ ಚೆಲ್ಲುವುದಿಲ್ಲ. ಆದರೆ ಕರೆಂಟ್, ಗ್ಯಾಸ್, ಕಟ್ಟಿಗೆಯನ್ನು ನಾವು ಅಳೆಯುವುದಿಲ್ಲ. ಅವೂ ಜೋಳದ ಹಾಗೆ ದುಡ್ಡು ಕೊಟ್ಟು ತಂದ ಕಚ್ಚಾ ಮಾಲೇ. ಸೋರಿದರೆ ಕಣ್ಣಿಗೆ ಕಾಣುವುದಿಲ್ಲ, ಅಷ್ಟೇ.

ಕರೆಂಟ್ ಅಳೆಯುವುದು ಸುಲಭ. 1000 ವ್ಯಾಟಿನ ಸಾಮಾನು ಒಂದು ತಾಸು ನಡೆದರೆ 1 ಯೂನಿಟ್. 100 ವ್ಯಾಟಿನದು ಹತ್ತು ತಾಸು ನಡೆದರೆ 1 ಯೂನಿಟ್. ವ್ಯಾಟ್ ಎಷ್ಟು ಎಂಬುದು ಸಾಮಾನಿನ ಮೇಲೆ ಬರೆದಿರುತ್ತದೆ. 1 ಎಚ್.ಪಿ. ಅಂದರೆ ಸುಮಾರು 750 ವ್ಯಾಟ್. ಹಾಗಾದರೆ 5 ಎಚ್.ಪಿ. ಮೋಟಾರ್ ತುಂಬು ಕೆಲಸ ಮಾಡಿದರೆ ತಾಸಿಗೆ ಸುಮಾರು 4 ಯೂನಿಟ್ಟಿಗಿಂತ ಹೆಚ್ಚು ಬೇಕು.

ಖಾಲಿ ತಿರುಗಿದಾಗ ತಾಸಿಗೆ 1 ಯೂನಿಟ್ ಹೋಗುತ್ತದೆ ಎಂದು ಹಿಡಿಯೋಣ. ಯೂನಿಟ್ಟಿಗೆ 7 ರೂಪಾಯಿ ಎನ್ನೋಣ. (ನಿಮ್ಮ ದರ ನಿಮ್ಮ ಬಿಲ್ಲಿನಲ್ಲೇ ಇದೆ, ಅದನ್ನೇ ಹಾಕಿಕೊಳ್ಳಿರಿ.) ದಿನಕ್ಕೆ ಎರಡು ತಾಸು ಖಾಲಿ ತಿರುಗಿದರೆ ತಿಂಗಳ 26 ಕೆಲಸದ ದಿನಕ್ಕೆ 52 ಯೂನಿಟ್, ಅಂದರೆ 364 ರೂಪಾಯಿ. ವರ್ಷಕ್ಕೆ 4,368 ರೂಪಾಯಿ. ಒಂದು ಹಿಡಿ ಹಿಟ್ಟೂ ಬೀಸದೆ ಹೋದ ಹಣ ಇದು!

ಹೊಗೆಗೂ ಮಳೆಗೂ ಏನು ಸಂಬಂಧ?

ನಮ್ಮ ಸ್ವಿಚ್ಚಿನಲ್ಲಿ ಹೊಗೆ ಕಾಣುವುದಿಲ್ಲ. ಆದರೆ ರಾಜ್ಯದ ಕರೆಂಟಿನ ದೊಡ್ಡ ಪಾಲು ರಾಯಚೂರು, ಬಳ್ಳಾರಿ ಕಡೆಯ ಸ್ಥಾವರಗಳಲ್ಲಿ ಕಲ್ಲಿದ್ದಲು ಸುಟ್ಟು ಬರುತ್ತದೆ. ಸವದತ್ತಿ ಕಡೆಯ ಗುಡ್ಡಗಳ ಮೇಲೆ ತಿರುಗುವ ಗಾಳಿಯಂತ್ರಗಳಿಂದ, ಸೂರ್ಯನ ಬಿಸಿಲಿನಿಂದ ಬರುವ ಕರೆಂಟಿಗೆ ಹೊಗೆ ಇಲ್ಲ. ಎಲ್ಲವನ್ನೂ ಕೂಡಿಸಿ ನೋಡಿದರೆ ನಮ್ಮ ದೇಶದಲ್ಲಿ 1 ಯೂನಿಟ್ ಕರೆಂಟಿಗೆ ಸುಮಾರು 700 ಗ್ರಾಂ ಇಂಗಾಲದ ಡೈ ಆಕ್ಸೈಡ್ ಗಾಳಿಗೆ ಸೇರುತ್ತದೆ. 1 ಕೆ.ಜಿ. ಅಡುಗೆ ಗ್ಯಾಸ್ ಉರಿದರೆ ಸುಮಾರು 3 ಕೆ.ಜಿ. ಸೇರುತ್ತದೆ. ಒಂದು ಕಿಲೋದಿಂದ ಮೂರು ಕಿಲೋ ಹೇಗೆ ಎಂದು ಕೇಳಬಹುದು. ಉರಿಯುವಾಗ ಗಾಳಿಯಲ್ಲಿನ ಆಮ್ಲಜನಕವೂ ಅದರೊಳಗೆ ಕೂಡಿಕೊಳ್ಳುತ್ತದೆ, ಅದಕ್ಕೇ ತೂಕ ಹೆಚ್ಚು.

ಈ ಅನಿಲ ಭೂಮಿಗೆ ಹೊದಿಸಿದ ಕಂಬಳಿಯ ಹಾಗೆ. ತೆಳುವಾಗಿದ್ದರೆ ಚಳಿಯಿಂದ ಕಾಯುತ್ತದೆ. ಒಂದರ ಮೇಲೊಂದು ಹೊದಿಸುತ್ತ ಹೋದರೆ ಮೈ ಕುದಿಯುತ್ತದೆ. ಇಂಥ ಅನಿಲಗಳಿಗೆ ಹಸಿರುಮನೆ ಅನಿಲ ಎನ್ನುತ್ತಾರೆ. ಗಾಳಿ ಒಂದು ಡಿಗ್ರಿ ಹೆಚ್ಚು ಬಿಸಿಯಾದರೆ ಶೇಕಡಾ 7ರಷ್ಟು ಹೆಚ್ಚು ನೀರಿನ ಆವಿ ಹಿಡಿದುಕೊಳ್ಳಬಲ್ಲದು. ಆಗ ಸುರಿದರೆ ಒಮ್ಮೆಲೇ ಸುರಿಯುತ್ತದೆ, ಇಲ್ಲದಿದ್ದರೆ ಹೊಲ ಬೇಗ ಒಣಗುತ್ತದೆ.

2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ರಾಮದುರ್ಗದಲ್ಲಿ ನೀರು ಮನೆಯೊಳಗೆ ಬಂದದ್ದನ್ನು ನೀವು ಮರೆತಿಲ್ಲ. 2023ರಲ್ಲಿ ಮಳೆ ಕೈಕೊಟ್ಟು ರಾಜ್ಯದ 223 ತಾಲೂಕುಗಳನ್ನು ಬರಪೀಡಿತ ಎಂದು ಘೋಷಿಸಬೇಕಾಯಿತು. ಒಂದು ನೆರೆಗೆ, ಒಂದು ಬರಕ್ಕೆ ಹೊಗೆಯೊಂದೇ ಕಾರಣ ಎಂದು ಹೇಳಲಾಗದು. ಆದರೆ ಭೂಮಿ ಬಿಸಿಯಾದಂತೆ ಇಂಥ ಅತಿವೃಷ್ಟಿ, ಅನಾವೃಷ್ಟಿ ಹೆಚ್ಚುತ್ತವೆ ಎಂದು ವಿಜ್ಞಾನಿಗಳು ಹೇಳುತ್ತಾರೆ. ಬರ ಬಂದರೆ ಜೋಳದ ದರ ಏರುತ್ತದೆ, ರೊಟ್ಟಿ ಮಾಡುವವರ ಲಾಭ ಇಳಿಯುತ್ತದೆ. ನೆರೆ ಬಂದರೆ ಹೊಲಿಗೆ ಮಶೀನ್ ನೀರಲ್ಲಿ ನಿಲ್ಲುತ್ತದೆ. ಆದ್ದರಿಂದ ಇದು ದೊಡ್ಡ ಊರಿನವರ ಚಿಂತೆ ಮಾತ್ರವಲ್ಲ, ನಮ್ಮದೂ ಹೌದು.

ಹೊಲಿಗೆ ಕೇಂದ್ರದ ಲೆಕ್ಕ

ಬೈಲಹೊಂಗಲದಲ್ಲಿ ಒಂದು ಹೊಲಿಗೆ ಕೇಂದ್ರ ಇದೆ ಎಂದುಕೊಳ್ಳಿರಿ. ನಾಲ್ಕು ಹಳೆಯ ಟ್ಯೂಬ್‌ಲೈಟ್, ಮೂರು ಹಳೆಯ ಫ್ಯಾನ್. ತಿಂಗಳಿಗೆ 26 ದಿನ ಕೆಲಸ.

ಟ್ಯೂಬ್‌ಲೈಟ್: ಹಳೆಯದು ಚೋಕ್ ಸೇರಿ ಸುಮಾರು 52 ವ್ಯಾಟ್, ಎಲ್‌ಇಡಿ ಟ್ಯೂಬ್ 20 ವ್ಯಾಟ್. ದಿನಕ್ಕೆ 6 ತಾಸು ಉರಿದರೆ ಒಂದರಿಂದ ತಿಂಗಳಿಗೆ 5 ಯೂನಿಟ್ ಉಳಿತಾಯ. ನಾಲ್ಕರಿಂದ 20 ಯೂನಿಟ್, 140 ರೂಪಾಯಿ. ಒಂದಕ್ಕೆ 250 ರೂಪಾಯಿಯಂತೆ ನಾಲ್ಕಕ್ಕೆ 1,000 ರೂಪಾಯಿ ಖರ್ಚು ಎಂದು ಹಿಡಿದರೆ ಏಳೆಂಟು ತಿಂಗಳಲ್ಲಿ ಹಣ ಮರಳಿ ಬಂತು.

ಫ್ಯಾನ್: ಹಳೆಯದು 75 ವ್ಯಾಟ್, ಈಗಿನ ಬಿಎಲ್‌ಡಿಸಿ ಫ್ಯಾನ್ ಸುಮಾರು 30 ವ್ಯಾಟ್. ದಿನಕ್ಕೆ 8 ತಾಸು ತಿರುಗಿದರೆ ಒಂದರಿಂದ ತಿಂಗಳಿಗೆ ಸುಮಾರು 65 ರೂಪಾಯಿ ಉಳಿತಾಯ. ಹೊಸದಕ್ಕೆ 2,700 ರೂಪಾಯಿ ಎಂದರೆ ಹಣ ಮರಳಿ ಬರಲು ಮೂರು ವರ್ಷಕ್ಕಿಂತ ಹೆಚ್ಚು ಬೇಕು.

ಇಲ್ಲಿ ಒಂದು ಪಾಠ ಇದೆ. ಟ್ಯೂಬ್‌ಲೈಟನ್ನು ಇಂದೇ ಬದಲಿಸಿರಿ. ಆದರೆ ಚಲೋ ನಡೆಯುತ್ತಿರುವ ಫ್ಯಾನನ್ನು ಸಾಲ ಮಾಡಿ ಬದಲಿಸಬೇಡಿರಿ. ಅದು ಕೆಟ್ಟಾಗ ಹೇಗೂ ಹೊಸದು ತರಬೇಕು. ಆಗ ಸಾದಾ ಫ್ಯಾನಿಗೆ 1,500 ಕೊಡುವ ಬದಲು 1,200 ರೂಪಾಯಿ ಹೆಚ್ಚು ಕೊಟ್ಟರೆ, ಆ ಹೆಚ್ಚಿನ ಹಣ ಒಂದೂವರೆ ವರ್ಷದಲ್ಲಿ ಬರುತ್ತದೆ. "ಉಳಿತಾಯದ ಸಾಮಾನು" ಎಂದು ಮಾರುವವರು ಹೇಳಿದ್ದನ್ನೆಲ್ಲ ಕೊಳ್ಳಬೇಕಾಗಿಲ್ಲ. ಬೆಲೆಯನ್ನು ತಿಂಗಳ ಉಳಿತಾಯದಿಂದ ಭಾಗಿಸಿರಿ. ಎಷ್ಟು ತಿಂಗಳಿಗೆ ಹಣ ಮರಳುತ್ತದೆ ಎಂಬುದು ಸಿಗುತ್ತದೆ. ಸಾಲದ ಅವಧಿಗಿಂತ ಅದು ಕಡಿಮೆ ಇದ್ದರೆ ಮಾತ್ರ ಸಾಲ.

ಹೊಲಿಗೆ ಮಶೀನಿಗೂ ಒಂದು ಮಾತು. ದೊಡ್ಡ ಮಶೀನುಗಳ ಹಳೆಯ ಕ್ಲಚ್ ಮೋಟಾರ್, ಸ್ವಿಚ್ ಹಾಕಿದ ಮೇಲೆ ನೀವು ಹೊಲಿಯದಿದ್ದರೂ ತಿರುಗುತ್ತಲೇ ಇರುತ್ತದೆ. ಸರ್ವೋ ಮೋಟಾರ್ ಕಾಲು ಒತ್ತಿದಾಗ ಮಾತ್ರ ತಿರುಗುತ್ತದೆ. ಹೊಸ ಮಶೀನ್ ತರುವಾಗ ಇದನ್ನು ಕೇಳಿರಿ. ಫ್ರಿಜ್ ತರುವಾಗ ಅದರ ಮೇಲಿನ ಸ್ಟಾರ್ ಚೀಟಿ ನೋಡಿರಿ. ಕೇಂದ್ರ ಸರ್ಕಾರದ ಇಂಧನ ದಕ್ಷತಾ ಬ್ಯೂರೋ 2006ರಲ್ಲಿ ಈ ಚೀಟಿ ಶುರು ಮಾಡಿತು. ಸ್ಟಾರ್ ಹೆಚ್ಚಿದ್ದಷ್ಟೂ ಕರೆಂಟ್ ಕಡಿಮೆ.

ಒಲೆಯ ಲೆಕ್ಕ

ಮೂರು ಕಲ್ಲಿನ ಒಲೆಯಲ್ಲಿ ನೂರು ರೂಪಾಯಿ ಕಟ್ಟಿಗೆ ಸುಟ್ಟರೆ ಹತ್ತು ಹದಿನೈದು ರೂಪಾಯಿಯ ಶಾಖ ಮಾತ್ರ ಪಾತ್ರೆಗೆ ಹೋಗುತ್ತದೆ. ಉಳಿದದ್ದು ಗೋಡೆಗೆ, ಗಾಳಿಗೆ, ನಮ್ಮ ಕಣ್ಣಿಗೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಹಳ್ಳಿಗಳಿಗಾಗಿ ಅಸ್ತ್ರ ಎಂಬ ವಿಭಾಗ ಶುರುವಾಯಿತು. ಅವರು ರೂಪಿಸಿದ ಅಸ್ತ್ರ ಒಲೆ ನಮ್ಮ ರಾಜ್ಯದ ಅನೇಕ ಮನೆಗಳಿಗೆ ಬಂತು. ಅದರ ಗುಟ್ಟು ಇಷ್ಟೇ: ಬೆಂಕಿ ಇರುವ ಜಾಗ ಮುಚ್ಚಿರಬೇಕು, ಕಟ್ಟಿಗೆ ಜಾಲರಿಯ ಮೇಲಿರಬೇಕು, ಕೆಳಗಿನಿಂದ ಗಾಳಿ ಬರಬೇಕು, ಬಿಸಿ ಗಾಳಿ ಒಂದು ಪಾತ್ರೆಯ ತಳ ಮುಟ್ಟಿ ಮುಂದಿನ ಪಾತ್ರೆಗೆ ಹೋಗಬೇಕು, ಕಡೆಗೆ ಹೊಗೆ ಕೊಳವೆಯಿಂದ ಹೊರಗೆ ಹೋಗಬೇಕು.

ಬೆಂಗಳೂರಿನ ಟೈಡ್ ಎಂಬ ಸಂಸ್ಥೆ ಇದೇ ತತ್ತ್ವದ ಒಲೆಗಳನ್ನು ಸಣ್ಣ ಉದ್ಯೋಗಗಳಿಗೆ ಹಚ್ಚಿತು. ಕಟ್ಟಿಗೆ ಸುಟ್ಟು ನಡೆಯುವ ರೇಷ್ಮೆ ನೂಲು ಬಿಚ್ಚುವ ಕೆಲಸ, ಬಟ್ಟೆಗೆ ಬಣ್ಣ ಹಾಕುವ ಕೆಲಸ, ಅಡುಗೆಮನೆ ಇಂಥವು. ಆ ಕೆಲಸಕ್ಕೆ 2008ರಲ್ಲಿ ಇಂಗ್ಲೆಂಡಿನ ಆಶ್ಡೆನ್ ಪ್ರಶಸ್ತಿ ಬಂತು. ಕಟ್ಟಿಗೆ ಕೊಳ್ಳುವವರಿಗೆ ಒಲೆ ಬದಲಿಸುವುದು ಉಪಕಾರವಲ್ಲ, ವ್ಯಾಪಾರ ಎಂಬುದು ಇದರಿಂದ ಗೊತ್ತಾಗುತ್ತದೆ.

ನಿಮ್ಮ ಸಂಘ ದಿನಕ್ಕೆ 30 ಕೆ.ಜಿ. ಕಟ್ಟಿಗೆ ಸುಡುತ್ತದೆ ಎನ್ನೋಣ. ಒಳ್ಳೆಯ ಒಲೆಯಿಂದ ಮೂರರಲ್ಲಿ ಒಂದು ಪಾಲು ಉಳಿದರೆ ತಿಂಗಳಿಗೆ 260 ಕೆ.ಜಿ. ಕಿಲೋಗೆ 5 ರೂಪಾಯಿ ಎಂದರೆ 1,300 ರೂಪಾಯಿ. ಅದರ ಜೊತೆ ಕೆಮ್ಮು, ಕಣ್ಣುರಿ ಕಡಿಮೆ. ಕೆಮ್ಮಿನಿಂದ ಮಲಗಿದ ದಿನವೂ ಕಳೆದುಹೋದ ಪಗಾರವೇ ಅಲ್ಲವೇ?

ಗ್ಯಾಸ್ ಬಳಸುವವರಿಗೂ ಇದೇ ಮಾತು. ಉರಿ ನೀಲಿ ಇರಬೇಕು. ಹಳದಿ ಇದ್ದರೆ ಬರ್ನರ್ ತೊಳೆಯಿರಿ. ಪಾತ್ರೆಗೆ ಮುಚ್ಚಳ ಹಾಕಿರಿ, ಕಾಳು ರಾತ್ರಿಯೇ ನೆನೆಹಾಕಿರಿ. ವ್ಯಾಪಾರಕ್ಕೆ 19 ಕೆ.ಜಿ.ಯ ಸಿಲಿಂಡರ್ ಬಳಸಬೇಕು, ಮನೆಯ ಸಿಲಿಂಡರನ್ನು ವ್ಯಾಪಾರಕ್ಕೆ ಬಳಸುವಂತಿಲ್ಲ.

ಬೇರೆಯವರು ಹೇಗೆ ಮಾಡಿದರು?

ಸವದತ್ತಿ ತಾಲೂಕಿನ ಮುನವಳ್ಳಿಯ ರೇಣುಕಾ ಸಕ್ಕರೆ ಕಾರ್ಖಾನೆಯಂಥ ದೊಡ್ಡ ಕಾರ್ಖಾನೆಗಳು ರಸ ತೆಗೆದ ಕಬ್ಬಿನ ಸಿಪ್ಪೆಯನ್ನೇ ಸುಟ್ಟು ಉಗಿ ಮಾಡುತ್ತವೆ, ಆ ಉಗಿಯಿಂದ ಕರೆಂಟ್ ಮಾಡುತ್ತವೆ. ಕಾರ್ಖಾನೆಯೊಳಗೆ ಉಗಿ, ಕರೆಂಟ್ ಎಷ್ಟು ಉಳಿಯುತ್ತದೋ ಅಷ್ಟು ಕರೆಂಟನ್ನು ಹೊರಗೆ ಮಾರಬಹುದು. ದೊಡ್ಡ ವ್ಯಾಪಾರಸ್ಥರು ಉಳಿತಾಯವನ್ನೇ ಮಾಲು ಮಾಡಿ ಮಾರುತ್ತಾರೆ ನೋಡಿರಿ.

ಬಡವರೂ ಮಾಡಿದ್ದಾರೆ. ಈಗಿನ ಚಿಕ್ಕಬಳ್ಳಾಪುರ ಜಿಲ್ಲೆಯ ಬಾಗೇಪಲ್ಲಿ ಕಡೆ ಕೂಲಿ ಸಂಘದವರು 5,500 ಮನೆಗಳಿಗೆ ಸಗಣಿ ಗ್ಯಾಸ್ ಘಟಕ ಕಟ್ಟುವ ಯೋಜನೆ ಹಾಕಿಕೊಂಡರು. 2005ರಲ್ಲಿ ಅದು ವಿಶ್ವಸಂಸ್ಥೆಯ ಕ್ರಮದಲ್ಲಿ ನೋಂದಣಿಯಾಯಿತು. ಹೊಗೆ ಕಡಿಮೆ ಮಾಡಿದ್ದಕ್ಕೆ ಹೊರದೇಶದಿಂದ ಬಂದ ಹಣ ಆ ಘಟಕಗಳ ಖರ್ಚಿಗೆ ಒದಗಿತು. ದಿನಕ್ಕೆ ಸುಮಾರು 50 ಕೆ.ಜಿ. ಸಗಣಿ ಸಿಗುವ ಮನೆಗೆ 2 ಘನ ಮೀಟರಿನ ಘಟಕ ಸಾಕು. ಆದರೆ ಒಂದು ಎಚ್ಚರ: "ಕಾರ್ಬನ್ ಹಣ ಕೊಡಿಸುತ್ತೇವೆ, ಮೊದಲು ಫೀ ಕಟ್ಟಿ" ಎಂದು ಯಾರಾದರೂ ಬಂದರೆ ಒಂದು ರೂಪಾಯಿಯನ್ನೂ ಕೊಡಬೇಡಿರಿ, ಸಹಿಯನ್ನೂ ಹಾಕಬೇಡಿರಿ. ಮೊದಲು ಒಕ್ಕೂಟಕ್ಕೆ ತಿಳಿಸಿರಿ.

ಸೋಲಾರ್ ಬಗ್ಗೆ ಕೇಳುವವರು ಬಹಳ. 1995ರಲ್ಲಿ ಶುರುವಾದ ಸೆಲ್ಕೋ ಸಂಸ್ಥೆ ನಮ್ಮ ರಾಜ್ಯದಲ್ಲಿ ಸೋಲಾರ್ ದೀಪ ಹರಡಿತು. ಆಗ ಧಾರವಾಡದ ಮಲಪ್ರಭಾ ಗ್ರಾಮೀಣ ಬ್ಯಾಂಕ್ ಅದಕ್ಕೆ ಸಾಲ ಕೊಟ್ಟ ಮೊದಲಿಗರಲ್ಲಿ ಒಂದು. ಸೋಲಾರ್ ಒಳ್ಳೆಯದೇ. ಆದರೆ ಮೊದಲು ಉಳಿತಾಯ, ಆಮೇಲೆ ಸೋಲಾರ್. ಸೋರುವ ಕೊಡಕ್ಕೆ ದೊಡ್ಡ ನಲ್ಲಿ ಹಚ್ಚಿದರೆ ಏನು ಬಂತು? ಬೇಕಾಗುವ ಕರೆಂಟ್ ಅರ್ಧವಾದರೆ ಕೊಳ್ಳಬೇಕಾದ ಪ್ಯಾನಲ್ಲೂ ಅರ್ಧ, ಸಾಲವೂ ಅರ್ಧ.

"ಮನಿ ಬಿಲ್ಲು ಜೀರೋ ಬರ್ತೈತಿ, ಯಾಕ ಉಳಸಬೇಕ್ರಿ?"

ಸಭೆಯಲ್ಲಿ ಈ ಪ್ರಶ್ನೆ ಬಂದೇ ಬರುತ್ತದೆ. 2023ರಲ್ಲಿ ಬಂದ ಗೃಹಜ್ಯೋತಿ ಯೋಜನೆ ಮನೆ ಬಳಕೆಗೆ, ಅಂಗಡಿ, ಗಿರಣಿಗೆ ಅಲ್ಲ. ಮನೆಗೂ ಹಿಂದಿನ ಸರಾಸರಿಯ ಮೇಲೆ ಒಂದು ಮಿತಿ ಇದೆ. ಮಿತಿ ದಾಟಿದರೆ ಹೆಚ್ಚಿನದಕ್ಕೆ ಹಣ, 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು ಕಟ್ಟಬೇಕು. ಮನೆಯಲ್ಲೇ ಉದ್ಯೋಗ ಮಾಡುವವರು ಯಾವ ಮೀಟರ್ ಬೇಕು ಎಂದು ಹೆಸ್ಕಾಂ ಶಾಖಾ ಕಚೇರಿಯಲ್ಲಿ ಮೊದಲೇ ಕೇಳಿರಿ. ಆಮೇಲೆ ದಂಡ ಕಟ್ಟುವುದು ಬೇಡ.

"ನಮ್ಮ ಒಂದು ಒಲಿ ಹೊಗಿ ನಿಂತರ ಲೋಕ ತಂಪಾಗ್ತೈತೇನು?" ಎಂದು ಇನ್ನೊಬ್ಬರು ಕೇಳಿದ್ದರು. ಲೋಕವನ್ನು ಹೆಚ್ಚು ಬಿಸಿ ಮಾಡಿದವರು ನಾವಲ್ಲ, ಅದು ನಿಜ. ದೊಡ್ಡವರು ದೊಡ್ಡ ಪಾಲು ಇಳಿಸಲೇಬೇಕು. ಆದರೆ ಮೇಲಿನ ಹೊಲಿಗೆ ಕೇಂದ್ರ ಟ್ಯೂಬು, ಫ್ಯಾನು ಎರಡನ್ನೂ ಬದಲಿಸಿದರೆ ತಿಂಗಳಿಗೆ 48 ಯೂನಿಟ್, ಅಂದರೆ ವರ್ಷಕ್ಕೆ ಸುಮಾರು 4,000 ರೂಪಾಯಿ ಅವರ ಕೈಯಲ್ಲೇ ಉಳಿಯುತ್ತದೆ. ಹೊಗೆಯೂ ವರ್ಷಕ್ಕೆ ಸುಮಾರು 400 ಕೆ.ಜಿ. ಇಳಿಯುತ್ತದೆ. ಲೋಕ ತಂಪಾಗುವ ತನಕ ಕಾಯಬೇಕಾಗಿಲ್ಲ, ರೊಕ್ಕ ಮುಂದಿನ ತಿಂಗಳೇ ಕಾಣುತ್ತದೆ.

ಈ ತಿಂಗಳು ಮಾಡಬೇಕಾದದ್ದು

1. ಸಂಘದ ಲೆಕ್ಕದ ಪುಸ್ತಕದಲ್ಲಿ "ಇಂಧನ" ಎಂದು ಒಂದು ಪುಟ ತೆರೆಯಿರಿ. ಕರೆಂಟ್, ಗ್ಯಾಸ್, ಕಟ್ಟಿಗೆ, ಡೀಸೆಲ್ ಖರ್ಚು ಬೇರೆ ಬೇರೆ ಬರೆಯಿರಿ.

2. ವಾರಕ್ಕೊಮ್ಮೆ, ಒಂದೇ ದಿನ, ಒಂದೇ ಹೊತ್ತಿಗೆ ಮೀಟರ್ ಓದಿ ಬರೆಯಿರಿ. ಓದಲು ಬರುವ ಮಗಳು, ಸೊಸೆಯ ಸಹಾಯ ಪಡೆಯಿರಿ.

3. ನೂರು ರೊಟ್ಟಿಗೆ ಎಷ್ಟು ಕಟ್ಟಿಗೆ, ಹತ್ತು ಜಂಪರ್ ಹೊಲಿಯಲು ಎಷ್ಟು ಯೂನಿಟ್ ಎಂದು ಲೆಕ್ಕ ತೆಗೆಯಿರಿ.

4. ದುಡ್ಡಿಲ್ಲದೆ ಆಗುವ ಕೆಲಸ ಮೊದಲು: ಖಾಲಿ ತಿರುಗುವುದನ್ನು ನಿಲ್ಲಿಸುವುದು, ಬೆಲ್ಟ್ ಬಿಗಿ ಮಾಡುವುದು, ಮುಚ್ಚಳ ಹಾಕುವುದು, ಒಣ ಕಟ್ಟಿಗೆಯನ್ನೇ ಬಳಸುವುದು.

5. ಬಿಲ್ಲಿನಲ್ಲಿ ನಿಗದಿತ ಶುಲ್ಕ ಎಷ್ಟು, ದಂಡ, ಬಾಕಿ ಏನಾದರೂ ಇದೆಯೇ ಎಂದು ಎಲ್ಲರೂ ನೋಡಿರಿ.

6. ಹಳೆಯ ಯಂತ್ರ ಕೊಳ್ಳುವ ಮೊದಲು ಒಂದು ತಾಸು ನಡೆಸಿ, ಮೀಟರ್ ನೋಡಿರಿ. ನಾನು ಮಾಡದೆ ಬಿಟ್ಟ ಕೆಲಸ ಅದೇ.

7. ಯಂತ್ರಕ್ಕೆ ಸಾಲ ಕೇಳುವ ಅರ್ಜಿಯಲ್ಲಿ ಕಂತಿನ ಪಕ್ಕದಲ್ಲಿ "ತಿಂಗಳ ಕರೆಂಟ್ ಖರ್ಚು" ಎಂದು ಒಂದು ಸಾಲು ಸೇರಿಸಿರಿ. ಆ ಸಾಲು ಖಾಲಿ ಇದ್ದರೆ ಠರಾವು ಮಾಡಬೇಡಿರಿ.

ಸಭೆಯಲ್ಲಿ ಚರ್ಚಿಸಿರಿ

* ನಮ್ಮ ಉದ್ಯೋಗದಲ್ಲಿ ಇಂಧನಕ್ಕೆ ತಿಂಗಳಿಗೆ ಎಷ್ಟು ಹೋಗುತ್ತದೆ? ಇದು ಲಾಭಕ್ಕಿಂತ ಹೆಚ್ಚೋ ಕಡಿಮೆಯೋ?

* ಕೆಲಸವಿಲ್ಲದೆ ತಿರುಗುವ, ಉರಿಯುವ ಸಾಮಾನು ಯಾವುದು? ಅದನ್ನು ಬಂದ್ ಮಾಡುವ ಜವಾಬ್ದಾರಿ ಯಾರದು?

* ಒಂದು ವರ್ಷದಲ್ಲಿ ಹಣ ಮರಳಿ ಬರುವ ಒಂದು ಬದಲಾವಣೆ ಯಾವುದು?

ಇಂಧನದ ಪುಟವನ್ನು ಮುಂದಿನ ಒಕ್ಕೂಟದ ಸಭೆಗೆ ತಪ್ಪದೆ ತನ್ನಿರಿ. ತಪ್ಪು ಬರೆದಿದ್ದರೂ ಚಿಂತೆ ಇಲ್ಲ, ಕೂಡಿ ತಿದ್ದೋಣ. ಆಡು ಮಾರಿದ ಆ ತಾಯಿಯ ಸಂಘದವರು ಈಗ ಗಿರಣಿಯ ಬಾಗಿಲ ಹಿಂದೆ ಒಂದು ಹಾಳೆ ಅಂಟಿಸಿದ್ದಾರೆ, ವಾರ ವಾರವೂ ಮೀಟರಿನ ಅಂಕಿ ಬರೆಯುತ್ತಾರೆ. ಬರೆಯುವವಳು ಆಕೆಯೇ.

ನಿಮ್ಮ ಸಹೋದರಿ